ಮಿಡತೆಯ ಅಳತೆಯ ಸೈಕಲ್ಲು

"ಬ್ರೇಕ್ ಹಿಡಿ! ಮಿಡತೆ, ಬ್ರೇಕ್!"

ಕೋಚ್ ಸರ್ ಮೈದಾನದ ಆ ತುದಿಯಿಂದ ಕೂಗಿದರು. ಬ್ರೇಕ್ ಹಿಡಿಯಬೇಕೆಂದು ಮಿಡತೆಗೂ ಗೊತ್ತಿತ್ತು. ಆದರೆ ಅದು ಕೈಗೆ ಸಿಕ್ಕರೆ ತಾನೆ! ಬೆರಳು ಚಾಚಿದಳು, ಇನ್ನೂ ಚಾಚಿದಳು. ಉಗುರಿನ ತುದಿ ಬ್ರೇಕಿಗೆ ತಾಗಿ ಜಾರಿತು. ಸೈಕಲ್ಲು ಕೆಂಪು ಪ್ಲಾಸ್ಟಿಕ್ ಕೋನನ್ನು ಉರುಳಿಸಿಕೊಂಡು ಸೀದಾ ಬೇಲಿಗೆ ನುಗ್ಗಿತು. ಮಿಡತೆ ಪಕ್ಕಕ್ಕೆ ಹಾರಿ ಹುಲ್ಲಿನ ಮೇಲೆ ಬಿದ್ದಳು.

ಅವಳಿಗೆ ಮಿಡತೆ ಎಂದು ಹೆಸರಿಟ್ಟದ್ದು ಅಜ್ಜ. ಉದ್ದನೆಯ ಕಾಲು, ಗಿಡ್ಡ ಮೈ, ನಿಂತಲ್ಲಿ ನಿಲ್ಲದ ಜೀವ. ಮನೆಯಿಂದ ಹೊರಟ ಆ ಹೆಸರು ಬೀದಿ ದಾಟಿ, ಶಾಲೆ ಸೇರಿ, ಈಗ ಕೋಚ್ ಸರ್ ಬಾಯಿಗೂ ಬಂದಿತ್ತು.

ಸರ್ ಓಡಿ ಬಂದು ಅವಳ ಮೊಣಕಾಲು ನೋಡಿದರು. ತರಚಿತ್ತು, ಅಷ್ಟೆ. ಆಮೇಲೆ ಸೈಕಲ್ಲನ್ನು ಎತ್ತಿ ನಿಲ್ಲಿಸಿದರು. ಬೆಳ್ಳಿ ಬಣ್ಣದ ಹೊಸ ಅಲ್ಯೂಮಿನಿಯಂ ರೋಡ್ ಬೈಕು. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ.

"ಹತ್ತು ನೋಡೋಣ. ನಾನು ಹಿಡ್ಕೊಂಡಿರ್ತೀನಿ."

ಮಿಡತೆ ಹತ್ತಿ ಕೂತಳು. ಪೆಡಲು ಕಾಲ್ಬೆರಳಿಗೆ ಹೇಗೋ ತಾಗಿತು. ಹ್ಯಾಂಡಲ್ ಹಿಡಿಯಲು ಮಾತ್ರ ಸೈಕಲ್ಲಿನ ಮೇಲೆ ಮಲಗಿದಂತೆ ಬಾಗಬೇಕಾಯಿತು.

"ಇದು ಯಾರದು? ನಿಮ್ಮಣ್ಣಂದಾ?"

"ನಂಗೆ ಅಣ್ಣ ಇಲ್ಲ ಸರ್. ಇದು ನಂದೇ."

"ಎಷ್ಟು ದೊಡ್ಡದಿದೆ ನೋಡು! ಈಜಿ ಬಂದು ಇದರ ಮೇಲೆ ಹೀಗೆ ಜೋತಾಡಿದ್ರೆ ಬೆನ್ನು ಹಿಡ್ಕೊಳ್ಳತ್ತೆ. ಆಮೇಲೆ ಓಡೋದು ಹೇಗೆ? ಮುಂದಿನ ವಾರ ನಾವೆಲ್ಲ ರೋಡಿಗೆ ಹೋಗ್ತೀವಲ್ಲ, ಅಷ್ಟರಲ್ಲಿ ಇದನ್ನ ಸರಿ ಮಾಡಿಸ್ಕೋ. ಇಲ್ಲಾಂದ್ರೆ ನಿನ್ನ ಕರ್ಕೊಂಡು ಹೋಗಲ್ಲ. ರೋಡಲ್ಲಿ ಬೇಲಿ ಇರಲ್ಲ, ಲಾರಿ ಇರತ್ತೆ."

ಮಿಡತೆ ತಲೆ ತಗ್ಗಿಸಿದಳು. ಈಜು, ಸೈಕಲ್ಲು, ಓಟ, ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ಸ್ಪರ್ಧೆ ಟ್ರಯಥ್ಲಾನ್. ಈಜಿನಲ್ಲಿ ಅವಳನ್ನು ಹಿಂದೆ ಹಾಕುವವರು ಶಾಲೆಯಲ್ಲಿ ಇರಲಿಲ್ಲ. ಓಟದಲ್ಲಿ ಇಬ್ಬರೋ ಮೂವರೋ ಇದ್ದರು. ನಡುವೆ ಈ ಸೈಕಲ್ಲೊಂದು ಅಡ್ಡ ನಿಂತಿತ್ತು.

ಸಂಜೆ ಸೈಕಲ್ಲು ತಳ್ಳಿಕೊಂಡು ಹೊರಟಾಗ ತಂಡದ ಗೆಳೆಯ ಟ್ಯಾಂಕರ್ ಜೊತೆಗೆ ಬಂದ. ಯಾವಾಗಲೂ ಎರಡು ಬಾಟಲಿ ನೀರು ಹೊತ್ತು, ಎರಡನ್ನೂ ತಾನೇ ಕುಡಿದು ಖಾಲಿ ಮಾಡುವವನಿಗೆ ಬೇರೆ ಏನೆಂದು ಕರೆಯುವುದು?

"ಅಜ್ಜಂಗೆ ಹೇಳ್ಬಿಡು. ಎರಡೇ ಮಾತು. 'ಅಜ್ಜ, ದೊಡ್ಡದಾಯ್ತು.' ನಿಂಗೆ ಆಗಲ್ಲಾಂದ್ರೆ ನಾನು ಹೇಳ್ಲಾ?"

"ನೀನು ಬಾಯಿ ಬಿಟ್ರೆ ನೋಡು!"

"ಯಾಕೆ? ನಿಮ್ಮಜ್ಜ ಹೊಡೀತಾರಾ?"

"ಛೇ, ಇಲ್ಲಪ್ಪ. ಹೊಡೆದ್ರೆ ವಾಸಿ ಇತ್ತು."

ಟ್ಯಾಂಕರ್‌ಗೆ ಅರ್ಥವಾಗಲಿಲ್ಲ. ಅವನು ಗಟಗಟ ನೀರು ಕುಡಿದ.

ಅವನಿಗೆ ಹೇಗೆ ಹೇಳುವುದು? ಮಿಡತೆಯ ಅಜ್ಜ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಜ್ಜ ಅಳೆದು, ಕತ್ತರಿಸಿ, ಮಿಷನ್ನಿನಲ್ಲಿ ಹೊಲಿಯುತ್ತಿದ್ದ. ಅಜ್ಜಿ ಕಿಟಕಿಯ ಬೆಳಕಿಗೆ ಕೂತು ಗುಂಡಿ ಹಚ್ಚುತ್ತಿದ್ದಳು, ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದಳು. ಇಡೀ ದಿನ ಇಬ್ಬರಿಗೂ ಮುಗಿಯದ ಮಾತು. ಅರ್ಧ ಮಾತು, ಅರ್ಧ ಜಗಳ, ನಡುನಡುವೆ ಅಜ್ಜನ ಜೋರು ನಗು. ಮಿಡತೆ ಶಾಲೆಯಿಂದ ಬರುವಾಗ ಬೀದಿಯ ತಿರುವಿಗೇ ಅದು ಕೇಳಿಸುತ್ತಿತ್ತು.

ಹೋದ ವರ್ಷ ಅಜ್ಜಿ ದೇವರ ಪಾದ ಸೇರಿದಳು. ಅಜ್ಜ ಅಳಲಿಲ್ಲ, ಕೂಗಾಡಲಿಲ್ಲ. ಯಾವಾಗಲೂ ಕತ್ತಿಗೆ ಜೋತುಬಿದ್ದಿರುತ್ತಿದ್ದ ಹಳದಿ ಟೇಪನ್ನು ಸುತ್ತಿ ಮಿಷನ್ನಿನ ಡ್ರಾಯರಿನಲ್ಲಿಟ್ಟ. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿದ. ಬೆಳಿಗ್ಗೆ ಪ್ರಾರ್ಥನೆ ಮಾಡುತ್ತಿದ್ದ, ಎರಡು ಹೊತ್ತು ಊಟ ಮಾಡುತ್ತಿದ್ದ, ಕಿಟಕಿಯ ಕಡೆ ನೋಡುತ್ತಿದ್ದ. ಗಿರಾಕಿಗಳು ಬಂದರೆ "ಕಣ್ಣು ಸಾಲದು" ಎಂದು ಹೇಳಿ ಕಳಿಸುತ್ತಿದ್ದ. ಕಣ್ಣು ಚೆನ್ನಾಗಿಯೇ ಇತ್ತು. ಅಮ್ಮ ಕೆಲಸ ಮಾಡುವ ಔಷಧಿ ಅಂಗಡಿಯ ಚೀಟಿಗಳನ್ನೆಲ್ಲ ಕನ್ನಡಕವಿಲ್ಲದೆ ಓದುತ್ತಿದ್ದ.

ಆಮೇಲೆ ಮಿಡತೆ ಟ್ರಯಥ್ಲಾನ್ ತಂಡಕ್ಕೆ ಆಯ್ಕೆಯಾದಳು. ಸೈಕಲ್ಲು ಬೇಕು ಎಂದು ಅಮ್ಮನ ಹತ್ತಿರ ಹೇಳುತ್ತಿದ್ದುದು ಅಜ್ಜನ ಕಿವಿಗೆ ಬಿತ್ತು. ಅಜ್ಜ ಎದ್ದು ಹೋದ. ಡ್ರಾಯರು ಎಳೆದ ಸದ್ದಾಯಿತು. ಹೊರಗೆ ಬಂದಾಗ ಟೇಪು ಕೈಯಲ್ಲಿತ್ತು.

"ಬಾ ಇಲ್ಲಿ ಮಿಡತೆ. ನೆಟ್ಟಗೆ ನಿಲ್ಲು."

ಅಜ್ಜ ಟೇಪನ್ನು ಒಂದು ಸಲ ಕಣ್ಣಿಗೊತ್ತಿಕೊಂಡು, ತುಟಿಯಲ್ಲೇ ಏನೋ ಪ್ರಾರ್ಥಿಸಿಕೊಂಡು, ಮೊಣಕಾಲೂರಿ ಕೂತು ಅವಳ ಕಾಲಿನ ಒಳ ಅಳತೆ ತೆಗೆದ. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ಹಾಗೇ ನಿಂತುಬಿಟ್ಟಳು. ಸೈಕಲ್ ಅಂಗಡಿಗೆ ಅಜ್ಜ ಒಬ್ಬನೇ ಹೋಗಿ ಬಂದ. "ಹುಡುಗೀನ ಕರ್ಕೊಂಡು ಬನ್ನಿ ಅಂದ್ಲು ಅಂಗಡಿಯವಳು. ಯಾಕಮ್ಮ, ನನ್ನ ಟೇಪ್ ಇಲ್ವಾ ಅಂದೆ" ಎಂದು ಮನೆಯಲ್ಲಿ ಬಂದು ಹೇಳಿಕೊಂಡ. ಅಜ್ಜ ಹಾಗೆ ಹೆಮ್ಮೆಯಿಂದ ಮಾತಾಡಿದ್ದು ಕೇಳಿ ಎಷ್ಟು ಕಾಲವಾಗಿತ್ತು!

ಮಾರನೆಯ ದಿನ ಟೇಪು ಮತ್ತೆ ಅವನ ಕತ್ತಿಗೆ ಬಂತು. ಎದುರು ಮನೆಯ ಬಸ್ ಡ್ರೈವರನ ನೀಲಿ ಅಂಗಿಯನ್ನು ಹೊಲಿಯಲು ಒಪ್ಪಿಕೊಂಡ.

ಆ ಟೇಪಿನ ಅಳತೆಯೇ ತಪ್ಪು ಎಂದು ಈಗ ಹೋಗಿ ಹೇಳುವುದೇ?

ಮನೆಗೆ ಬಂದಾಗ ಮಿಷನ್ನು ಟಕಟಕ ಓಡುತ್ತಿತ್ತು.

"ಬಂದ್ಯಾ? ಹೆಂಗಿದೆ ಸೈಕಲ್ಲು?"

"ಸೂಪರ್ ಅಜ್ಜ."

"ಮೊಣಕಾಲಿಗೇನಾಯ್ತು?"

"ಓಡ್ತಾ ಇದ್ದಾಗ ಬಿದ್ದೆ."

"ನೋಡ್ಕೊಂಡು ಓಡಬಾರದಾ ತಾಯಿ?" ಎಂದು ಅಜ್ಜ ಮತ್ತೆ ಹೊಲಿಯತೊಡಗಿದ.

ಮಿಡತೆ ತಾನೇ ಏನಾದರೂ ಮಾಡಿಬಿಡೋಣ ಎಂದುಕೊಂಡಳು. ಹಿತ್ತಲಿನಲ್ಲಿ ಸೈಕಲ್ಲು ನಿಲ್ಲಿಸಿ, ಸೀಟನ್ನು ಇಳಿಸಬಹುದಾದಷ್ಟೂ ಇಳಿಸಿದಳು. ಬೂಟು ದೊಡ್ಡದಾದಾಗ ತುದಿಗೆ ಹತ್ತಿ ತುರುಕುವುದಿಲ್ಲವೇ? ಹಾಗೆಯೇ ಅಜ್ಜನ ಬುಟ್ಟಿಯಿಂದ ನೀಲಿ ಬಟ್ಟೆಯ ಚೂರುಗಳನ್ನು ತಂದು, ಮಡಚಿ ಮಡಚಿ ಬ್ರೇಕಿನ ಹಿಡಿಯ ಸಂದಿಗೆ ತುರುಕಿದಳು. ಹಿಡಿ ಸ್ವಲ್ಪ ಹತ್ತಿರ ಬಂತು. ಬೆರಳಿಗೂ ಸಿಕ್ಕಿತು. ಆದರೆ ಚಕ್ರ ತಿರುಗಿಸಿದರೆ ಕುಂಯ್ ಎಂದು ಅಳತೊಡಗಿತು. ಬ್ರೇಕು ಅರ್ಧ ಹಿಡಿದೇ ಇತ್ತು!

ಇನ್ನೊಂದು ಚೂರು ತೆಗೆದರೆ? ಸೀಟು ಮುಂದಕ್ಕೆ ಸರಿಸಿದರೆ? ಅವಳು ಬೆವರುತ್ತ ಒದ್ದಾಡುತ್ತಿದ್ದಾಗ ಬೆನ್ನ ಹಿಂದೆ ಸದ್ದಾಯಿತು.

ಅಜ್ಜ ನಿಂತಿದ್ದ. ಯಾವಾಗಿನಿಂದಲೋ ಏನೋ.

ಅವನು ಬಗ್ಗಿ ನೀಲಿ ಚೂರೊಂದನ್ನು ಎಳೆದ. ಅದರ ಹಿಂದೆ ಇನ್ನೊಂದು ಬಂತು. ಇನ್ನೂ ಒಂದು. ಸೀಟನ್ನು ನೋಡಿದ. ಮೊಣಕಾಲನ್ನು ನೋಡಿದ.

"ಓಡ್ತಾ ಬಿದ್ದದ್ದಲ್ಲ, ಅಲ್ವಾ?"

ಮಿಡತೆ ಮೊಣಕಾಲಿಗೆ ಕೈ ಅಡ್ಡ ಹಿಡಿದಳು. "ಸೈಕಲ್ ಚೆನ್ನಾಗಿದೆ ಅಜ್ಜ. ನನ್ನ ಕೈನೇ ಗಿಡ್ಡ."

"ಕೈ ಗಿಡ್ಡ ಇದ್ರೆ ತೋಳು ಗಿಡ್ಡ ಹೊಲೀಬೇಕಾದ್ದು ದರ್ಜಿ ಕಣೇ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು..." ಅವಳಿಗೆ ಅಳು ಬಂದೇಬಿಟ್ಟಿತು. "ಹೇಳಿದ್ರೆ ನೀನು ಟೇಪ್ ಮತ್ತೆ ಒಳಗಿಟ್ಟುಬಿಡ್ತೀಯ ಅಂತ."

ಅಜ್ಜ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ನೀಲಿ ಚೂರುಗಳನ್ನು ಒಂದೊಂದಾಗಿ ತೊಡೆಯ ಮೇಲೆ ಬಿಡಿಸಿಟ್ಟ. ಆಮೇಲೆ ತನಗೆ ತಾನೇ ಎಂಬಂತೆ ಹೇಳಿದ.

"ಅಳತೆ ತೆಗೆದದ್ದು ಸರಿಯಾಗೇ ತೆಗೆದೆ. ಅದರ ಮೇಲೆ ಎರಡು ಇಂಚು ಸೇರಿಸಿ ಹೇಳಿದೆ. ಬೆಳೆಯೋ ಮಗು ಅಂತ. ಮಕ್ಕಳ ಬಟ್ಟೆಗೆ ಯಾವಾಗಲೂ ಸೇರಿಸ್ತೀನಿ, ಕೈ ಸುಮ್ಮನಿರಲ್ಲ."

"ಆದ್ರೆ ನೀನು ಹೊಲಿದ ಯೂನಿಫಾರ್ಮ್ ನಂಗೆ ಸರಿಯಾಗೇ ಇರ್ತಿತ್ತಲ್ಲ ಅಜ್ಜ. ಕ್ಲಾಸಲ್ಲಿ ಎಲ್ರೂ ಕೇಳ್ತಿದ್ರು, ಯಾವ ಟೈಲರ್ ಅಂತ."

"ನಾನು ಹೊಲಿದದ್ದು ಹಾಗೇ ಒಂದು ದಿನವೂ ನಿನ್ನ ಮೈ ಮೇಲೆ ಬಂದಿಲ್ಲ. ನಿಮ್ಮಜ್ಜಿ ಎತ್ತಿ ಹಿಡಿದು ನೋಡೋಳು. 'ಏನ್ರೀ, ಇದು ಅಂಗಿನೋ ಡೇರೆನೋ? ಮಗು ಒಳಗೆ ಕಳೆದುಹೋಗತ್ತೆ' ಅನ್ನೋಳು. ಒಳಗಡೆ ಮಡಚಿ, ಕಾಣದ ಹಾಗೆ ಹೊಲಿಗೆ ಹಾಕೋಳು. ವರ್ಷ ಕಳೆದ ಮೇಲೆ ಅವಳೇ ಬಿಚ್ಚಿ ಉದ್ದ ಮಾಡೋಳು."

ಮಿಡತೆ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. ಇದು ಅವಳಿಗೆ ಗೊತ್ತೇ ಇರಲಿಲ್ಲ.

"ಸೈಕಲ್ಲನ್ನ ಮಡಚೋರು ಯಾರು?" ಎಂದು ಅಜ್ಜ ಎದ್ದ. ಒಳಗೆ ಹೋದ. ಡ್ರಾಯರು ಎಳೆದ ಸದ್ದು ಕೇಳಿತು, ಮತ್ತೆ ಮುಚ್ಚಿದ ಸದ್ದು.

ಆ ಸಂಜೆ ಮಿಷನ್ನು ಓಡಲಿಲ್ಲ. ಊಟಕ್ಕೆ ಕೂತಾಗ ಅಜ್ಜನ ಕತ್ತು ಬರಿದಾಗಿತ್ತು. ಅಮ್ಮ ಒಂದು ಸಲ ಅಜ್ಜನನ್ನು, ಒಂದು ಸಲ ಮಗಳನ್ನು ನೋಡಿ ಅನ್ನ ಬಡಿಸಿದಳು. ಏನಾಗಬಾರದು ಎಂದುಕೊಂಡಿದ್ದಳೋ ಅದೇ ಆಯಿತಲ್ಲ ಎಂದು ಮಿಡತೆ ಅನ್ನ ಕಲಸುತ್ತಲೇ ಕೂತಳು.

ಬೆಳಿಗ್ಗೆ ಪ್ರಾರ್ಥನೆ ಮುಗಿಸಿದ ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ.

"ಹೊರಡು. ಅಂಗಡಿಗೆ ಹೋಗೋಣ. ಸೈಕಲ್ಲೂ ಬರಲಿ."

"ಟೇಪು?"

"ಅಲ್ಲಿ ಅವರದ್ದೇ ಇರತ್ತೆ" ಎಂದ ಅಜ್ಜ, ಅವಳ ಮುಖ ನೋಡದೆ.

ಸೈಕಲ್ ಅಂಗಡಿಯ ಅಕ್ಕನ ಕೈತುಂಬ ಗ್ರೀಸು. ಅವರನ್ನು ಕಂಡೊಡನೆ ಅವಳಿಗೆ ಎಲ್ಲವೂ ತಿಳಿಯಿತು.

"ಮಾಸ್ಟರ್, ನಾನು ಅವತ್ತೇ ಹೇಳಿದ್ನಲ್ಲ, ಹುಡುಗೀನ ಕರ್ಕೊಂಡು ಬನ್ನಿ ಅಂತ?"

"ತಪ್ಪಾಯ್ತಮ್ಮ. ಈ ಕೊಳವೇನೇ ಸ್ವಲ್ಪ ಬಗ್ಗಿಸಿ ಗಿಡ್ಡ ಮಾಡೋಕಾಗಲ್ವಾ?"

"ಅಯ್ಯೋ, ಅಲ್ಯೂಮಿನಿಯಂ ಇದು! ಹಗುರ, ತುಕ್ಕು ಹಿಡಿಯಲ್ಲ, ಈಜಿ ಬಂದು ಒದ್ದೆ ಮೈಯಲ್ಲೇ ಹತ್ತಬಹುದು. ಎಲ್ಲಾ ನಿಜ. ಆದ್ರೆ ಬಗ್ಗಿಸಿದ್ರೆ ಬಿರುಕು ಬಿಡತ್ತೆ. ಬದಲಾಯಿಸಿ ಕೊಡ್ತೀನಿ, ಬಿಡಿ. ಇಷ್ಟು ಎತ್ತರದ್ದಕ್ಕೆ ಕಾಲೇಜು ಹುಡುಗರು ಕಾಯ್ತಾ ಇದಾರೆ. ಅಳತೆ ತಗೊಳ್ತೀರಾ?"

"ನಾನು ಅಳೆಯಲ್ಲಮ್ಮ. ನೀನೇ ಅಳೆ."

ಅಜ್ಜ ಬಾಗಿಲ ಹತ್ತಿರ ಇದ್ದ ಸ್ಟೂಲಿನ ಮೇಲೆ ಹೋಗಿ ಕೂತು, ಬೀದಿಯ ಕಡೆ ಮುಖ ಮಾಡಿದ.

ಅಕ್ಕ ಮಿಡತೆಯ ಬೂಟು ಬಿಚ್ಚಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. ದಪ್ಪ ಪುಸ್ತಕವೊಂದನ್ನು ಕಾಲುಗಳ ನಡುವೆ ಸೀಟಿನಂತೆ ಹಿಡಿಸಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆದಳು. "ಕಾಲೇನೋ ಉದ್ದ. ಕಾಲು ನೋಡಿ ಸೈಕಲ್ ತಗೊಂಡ್ರೆ ಎಲ್ರೂ ಮೋಸ ಹೋಗ್ತಾರೆ. ಮೈ ಎಷ್ಟು ಉದ್ದ, ಕೈ ಎಷ್ಟು ಉದ್ದ, ಅದನ್ನೂ ನೋಡಬೇಕು" ಎನ್ನುತ್ತ ಬೆನ್ನನ್ನೂ ಅಳೆದಳು. ಆಮೇಲೆ ಸಾಲಿನಿಂದ ಒಂದು ಚಿಕ್ಕ ರೋಡ್ ಬೈಕು ಎಳೆದು ತಂದಳು. ಇದೂ ಅಲ್ಯೂಮಿನಿಯಂನದೇ. ಬಣ್ಣ ಮಾತ್ರ ಬೂದಿ ಬಣ್ಣ, ನೋಡಲು ಏನೂ ಚೆಂದವಿಲ್ಲ.

ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮಿಡತೆಯನ್ನು ಹತ್ತಿಸಿದಳು.

"ತುಳಿ ನೋಡೋಣ. ಹೇಗಿದೆ?"

"ಸೂಪರ್ ಅಕ್ಕ" ಎಂದಳು ಮಿಡತೆ. ಬೆರಳಿಗೆ ಬ್ರೇಕು ಸಿಕ್ಕಿತ್ತು. ಇನ್ನು ಯಾರಿಗೂ ತೊಂದರೆ ಕೊಡುವುದು ಬೇಡ, ಮುಗಿದರೆ ಸಾಕು ಎಂದಿತ್ತು ಅವಳಿಗೆ.

"ಸೂಪರ್ ಅಲ್ಲ" ಎಂದು ಬಾಗಿಲ ಕಡೆಯಿಂದ ಕೇಳಿತು.

ಅಜ್ಜ ಬೀದಿ ನೋಡುತ್ತಿರಲಿಲ್ಲ.

"ಅವಳ ಭುಜ ನೋಡಮ್ಮ. ಕಿವಿ ಮುಟ್ತಾ ಇದೆ. ಕಂಕುಳಲ್ಲಿ ಬಿಗಿಯಾದ ಕೋಟು ಹಾಕ್ಕೊಂಡೋರು ಹಿಂಗೇ ಕೂರೋದು."

ಅಕ್ಕ ಹಿಂದೆ ಸರಿದು ನೋಡಿದಳು. "ಹೌದಲ್ಲ! ಕೈ ಇನ್ನೂ ಎಳೀತಾ ಇದೆ. ಹ್ಯಾಂಡಲನ್ನ ಹಿಡ್ಕೊಂಡಿರೋ ಈ ಮೋಟು ಕೊಳವೆ ಇದೆಯಲ್ಲ, ಸ್ಟೆಮ್ ಅಂತೀವಿ, ಇದರಲ್ಲಿ ಇನ್ನೂ ಗಿಡ್ಡದ್ದು ಇದೆ. ಹಾಕಿ ನೋಡೋಣ."

"ಎಷ್ಟು ಗಿಡ್ಡ?" ಅಜ್ಜ ಎದ್ದು ಬಂದ. ಅವನ ಕೈ ಕತ್ತಿನ ಹತ್ತಿರ ಹೋಗಿ ಅಲ್ಲಿ ಏನೂ ಸಿಗದೆ ನಿಂತಿತು. ಅಕ್ಕ ತನ್ನ ಟೇಪನ್ನು ಅವನ ಕಡೆ ಚಾಚಿದಳು. ಅಜ್ಜ ಒಂದು ಕ್ಷಣ ಅದನ್ನೇ ನೋಡಿದ. ಆಮೇಲೆ ತೆಗೆದುಕೊಂಡು ಮಿಡತೆಯ ಭುಜದಿಂದ ಮಣಿಕಟ್ಟಿನವರೆಗೆ ಹಿಡಿದ.

"ನಿಜ ಹೇಳು ಮಿಡತೆ. ಎಲ್ಲಿ ಎಳೀತಾ ಇದೆ?"

ಸೂಪರ್ ಎನ್ನಲು ಬಾಯಿ ತೆರೆದವಳು ಹಾಗೇ ನಿಲ್ಲಿಸಿದಳು. ಕಣ್ಣು ಮುಚ್ಚಿ ಎರಡು ಸುತ್ತು ತುಳಿದಳು.

"ಕತ್ತಿನ ಹಿಂದೆ. ಸ್ವಲ್ಪ. ಆಮೇಲೆ ಬಲಗಡೆ ಭುಜ."

"ಹಾಂ!" ಎಂದ ಅಜ್ಜ, ಏನೋ ಬಹುಮಾನ ಸಿಕ್ಕವನಂತೆ.

ಅಕ್ಕ ಸ್ಟೆಮ್ ಬದಲಾಯಿಸಿದಳು.

"ಈಗ?"

"ಕತ್ತು ಸರಿ ಹೋಯ್ತು. ಮೊಣಕಾಲು ಮೇಲೆ ಬಂದಾಗ ಹೊಟ್ಟೆ ಹತ್ರ ಬರತ್ತೆ."

"ಸೀಟು ತಗ್ಗಿದೆ, ಏರಿಸಬೇಕು" ಎಂದಳು ಅಕ್ಕ.

"ಸ್ವಲ್ಪ ಹಿಂದಕ್ಕೂ ಹೋಗಬೇಕೇನೋ" ಎಂದ ಅಜ್ಜ.

"ಹಿಂದಕ್ಕೆ ಬೇಡ ಮಾಸ್ಟರ್, ಮತ್ತೆ ಕೈ ಎಳೆಯತ್ತೆ."

"ಅದೂ ನಿಜವೇ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಎಳೆಯತ್ತೆ. ಇದೂ ಬಟ್ಟೆ ಥರಾನೇ ಬಿಡಮ್ಮ!"

ಇಬ್ಬರೂ ಮಿಡತೆಯ ಸುತ್ತ ಸುತ್ತುತ್ತಿದ್ದರು. ಒಬ್ಬರ ಕೈಯಲ್ಲಿ ಟೇಪು, ಒಬ್ಬರ ಕೈಯಲ್ಲಿ ಬೋಲ್ಟು ತಿರುಗಿಸುವ ಅಲೆನ್ ಕೀ. ಸೀಟು ಏರಿತು, ಇಳಿಯಿತು, ಮತ್ತೆ ಕೂದಲೆಳೆಯಷ್ಟು ಏರಿತು. ಮಿಡತೆ ತುಳಿಯುತ್ತಲೇ ಇದ್ದಳು. "ಇಲ್ಲ" ಎಂದಳು. "ಇನ್ನೂ ಇಲ್ಲ" ಎಂದಳು. ಅವಳು ಇಲ್ಲ ಎಂದಾಗಲೆಲ್ಲ ಅಜ್ಜನ ಮುಖ ಬಾಡುತ್ತದೆಯೇನೋ ಎಂದು ಓರೆಗಣ್ಣಿನಿಂದ ನೋಡುತ್ತಿದ್ದಳು. ಬಾಡಲಿಲ್ಲ. ಅವನು ಇನ್ನಷ್ಟು ಹತ್ತಿರ ಬಗ್ಗುತ್ತಿದ್ದ.

ಕೊನೆಗೆ ಕಾಲು ಸಲೀಸಾಗಿ ತಿರುಗತೊಡಗಿತು. ಬೆನ್ನು ಹಗುರಾಯಿತು. ಅಕ್ಕ ಸೀಟಿನ ಬೋಲ್ಟು ಬಿಗಿಮಾಡಲು ಹೋದಳು.

"ಒಂದು ನಿಮಿಷ" ಎಂದ ಅಜ್ಜ. "ಇನ್ನೊಂದು ಚೂರು ಏರಿಸಿ ಬಿಗಿ ಮಾಡ್ಬಿಡಮ್ಮ. ಹೇಗೂ ಬೆಳೆಯೋ..."

"ಬೇಡ ಅಜ್ಜ!"

ತನ್ನ ದನಿ ಅಷ್ಟು ಜೋರಾಗಿ ಬಂದದ್ದು ಕೇಳಿ ಮಿಡತೆಗೇ ಗಾಬರಿಯಾಯಿತು. ಆದರೂ ಬಿಡಲಿಲ್ಲ. "ಬೆಳೆದಾಗ ಏರಿಸ್ಕೊಳ್ಳೋಣ. ಈಗ ನಾನು ಇಷ್ಟೇ ಇರೋದು. ಇದೇನು ಸೈಕಲ್ಲಾ, ಏಣಿನಾ?"

ಅಕ್ಕನ ಅಲೆನ್ ಕೀ ಬೋಲ್ಟಿನ ಮೇಲೇ ನಿಂತಿತು.

ಅಜ್ಜ ಅವಳನ್ನು ನೋಡಿದ. ಮೊದಲು ಅವನ ಗಲ್ಲ ಅದುರಿತು. ಆಮೇಲೆ ಹೊಟ್ಟೆ ಅದುರಿತು. ಆಮೇಲೆ ಅವನು ನಕ್ಕ. ಬೀದಿಯ ತಿರುವಿನವರೆಗೆ ಕೇಳುತ್ತಿದ್ದ ಆ ನಗು. ಅದನ್ನು ಕೇಳಿ ಒಂದು ವರ್ಷವೇ ಆಗಿತ್ತು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಿಂದ ಒರೆಸಿಕೊಂಡ.

"ಕೇಳಿದ್ಯೇನಮ್ಮ?" ಎಂದ ಅಕ್ಕನಿಗೆ. "ಅವಳು ಹೇಳಿದಷ್ಟೇ. ಕೂದಲೆಳೆ ಹೆಚ್ಚು ಬೇಡ. ದೇವರು ದೊಡ್ಡವನು, ಬೇಡ ಅಂತ ಹೇಳೋರನ್ನ ಮತ್ತೆ ಕೊಟ್ಟಿದಾನೆ."

ಮಿಡತೆ ಹ್ಯಾಂಡಲ್ ಹಿಡಿದೇ ಕೂತಿದ್ದಳು. ಮನೆಯಲ್ಲಿ ಇಷ್ಟು ದಿನ ಎಲ್ಲರೂ ಅಜ್ಜನ ಹತ್ತಿರ ಮೆಲ್ಲಗೆ ಮಾತಾಡಿದ್ದರು. ಅಮ್ಮ ಮೆಲ್ಲಗೆ, ತಾನು ಮೆಲ್ಲಗೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅಜ್ಜ ಸುಮ್ಮನೆ ಹೇಳಿದರೂ ಹೌದು ಎನ್ನುತ್ತಿದ್ದರು. ಮೊನ್ನೆ ನೀಲಿ ಅಂಗಿ ಕತ್ತರಿಸಿದ್ದು ಓರೆಯಾಯಿತೇ ಎಂದು ಕೇಳಿದಾಗಲೂ ಚೆನ್ನಾಗಿದೆ ಎಂದಿದ್ದರು. ಇಡೀ ಒಂದು ವರ್ಷ ಅಜ್ಜನ ಜೊತೆ ಯಾರೂ ಜಗಳವಾಡಿರಲಿಲ್ಲ.

ಅಕ್ಕ ಬೋಲ್ಟು ಬಿಗಿಮಾಡಿ, ಸೈಕಲ್ಲನ್ನು ಸ್ಟ್ಯಾಂಡಿನಿಂದ ಬಿಡಿಸಿ, ಅಂಗಡಿಯ ಹಿಂದಿನ ಅಂಗಳಕ್ಕೆ ತಂದಳು. ಮಿಡತೆ ಒಂದು ಸುತ್ತು ಹೊರಟಳು. ಗೋಡೆಯ ಹತ್ತಿರ ಬ್ರೇಕು ಹಿಡಿದಳು. ಎಲ್ಲ ಬೆರಳುಗಳೂ ಹಿಡಿಯ ಮೇಲೆ ಕೂತವು. ಸೈಕಲ್ಲು ನಿಂತಿತು. ಮತ್ತೆ ಹೊರಟಿತು.

ಅಜ್ಜ ಅಂಗಳದ ನಡುವೆ ಕೈ ಕಟ್ಟಿ ನಿಂತಿದ್ದ. ಅಕ್ಕನ ಟೇಪು ಯಾವಾಗಲೋ ಅವನ ಕತ್ತಿಗೇರಿ ಅಲ್ಲೇ ಉಳಿದಿತ್ತು. ಅವನಿಗದು ನೆನಪಿರಲಿಲ್ಲ, ಅಕ್ಕ ಕೇಳಲೂ ಇಲ್ಲ.

"ಈಗ ಹೇಳು, ಹೆಂಗಿದೆ?" ಎಂದು ಕೂಗಿದ.

ಕತ್ತು, ಭುಜ, ಮೊಣಕಾಲು, ಒಂದೊಂದನ್ನೇ ಮಿಡತೆ ಮನಸ್ಸಿನಲ್ಲಿ ಮುಟ್ಟಿ ನೋಡಿದಳು.

"ತಡಿ ಅಜ್ಜ, ಇನ್ನೊಂದು ಸುತ್ತು ಹೋಗಿ ಬಂದು ಹೇಳ್ತೀನಿ" ಎಂದಳು.

"ಹೋಗಿ ಬಾ, ಹೋಗಿ ಬಾ. ನಿಧಾನಕ್ಕೆ ನೋಡಿ ಹೇಳು" ಎಂದು ಅಜ್ಜ ಕಾಯುತ್ತ ನಿಂತ.